ಬೆಂಡ್ ತೆಗೆದರೆ ಸಾಲದು, ಚಕ್ರದ ತೂಕವೂ ಕೂಡಿಬರಬೇಕು

ಕೊರಟಗೆರೆ, ಮಧುಗಿರಿ ದಾಟಿ ಪಾವಗಡಕ್ಕೆ ಹೋಗುವ ದಾರಿಯಲ್ಲೂ ಆಚೆ ಶಿರಾ ಸೀಮೆಯಲ್ಲೂ ಕಡ್ಡಿ ಚಕ್ರದ ಗಾಡಿಗಳಿಗೆ ಇನ್ನೂ ಬಿಡುವಿಲ್ಲ. ಕಡಲೆಕಾಯಿ ಮೂಟೆ, ಹಾಲಿನ ಕ್ಯಾನು, ಹುಲ್ಲಿನ ಹೊರೆ ಎಲ್ಲಕ್ಕೂ ಟಿವಿಎಸ್ ಎಕ್ಸ್‌ಎಲ್ ಇಲ್ಲವೇ ಹಳೆಯ ಸ್ಪ್ಲೆಂಡರ್ ಬೇಕು. ಪಾವಗಡ ಸೀಮೆಯ ರಾಯಚರ್ಲಿನಂಥ ಹಳ್ಳಿಯಿಂದ ಪೇಟೆಗೆ ಹೋಗಿಬರಲು ಬೈಕೇ ಆಧಾರ. ಈ ಚಕ್ರಗಳನ್ನು ನೆಟ್ಟಗೆ ಓಡಿಸುವ ಕಸುಬು ಸೈಕಲ್ ಶಾಪುಗಳಲ್ಲಿ, ಪಂಕ್ಚರ್ ಅಂಗಡಿಗಳಲ್ಲಿ ಉಳಿದುಕೊಂಡಿದೆ.

ಕಡ್ಡಿ ಚಕ್ರ ನಿಂತಿರುವುದೇ ಎಳೆತದ ಮೇಲೆ. ಇಂಗ್ಲೆಂಡಿನ ಜೇಮ್ಸ್ ಸ್ಟಾರ್ಲಿ 1874ರಲ್ಲಿ ಪೇಟೆಂಟ್ ಪಡೆದ ವಾರೆ ಕಡ್ಡಿಯ ಕ್ರಮವೇ ಇಂದಿಗೂ ನಡೆಯುತ್ತಿದೆ. ಹಬ್‌ನ ಎರಡೂ ಬದಿಯಿಂದ ಹೊರಟ ಕಡ್ಡಿಗಳು ರಿಮ್ಮನ್ನು ತಮ್ಮ ತಮ್ಮ ಕಡೆಗೆ ಎಳೆಯುತ್ತವೆ. ಎರಡೂ ಕಡೆಯ ಎಳೆತ ಸರಿಹೊಂದಿದಾಗ ರಿಮ್ ನಡುವೆ ನಿಲ್ಲುತ್ತದೆ. ಗುಂಡಿಗೆ ಬಿದ್ದರೆ, ಮೂಟೆ ಹೆಚ್ಚಾದರೆ ಒಂದೆರಡು ಕಡ್ಡಿ ಸಡಿಲವಾಗಿ ಚಕ್ರ ಅತ್ತಿತ್ತ ಓಲಾಡುತ್ತದೆ.

ಬೆಂಡ್ ತೆಗೆಯುವವರ ಕೈಕೆಲಸ ನೋಡಬೇಕು. ಚಕ್ರ ಮೆಲ್ಲಗೆ ತಿರುಗುತ್ತಿರುವಾಗ ರಿಮ್ಮಿನ ಪಕ್ಕ ಒಂದು ಗುರುತು ಹಿಡಿಯುತ್ತಾರೆ. ಅದಕ್ಕೆ ರಿಮ್ ತಗುಲಿದ ಜಾಗವೇ ಬೆಂಡ್. ಬಲಕ್ಕೆ ವಾಲಿದ್ದರೆ ಅಲ್ಲಿ ಬಲಗಡೆಯ ಕಡ್ಡಿ ಸಡಿಲಿಸಿ ಎಡಗಡೆಯದನ್ನು ಬಿಗಿಸುತ್ತಾರೆ. ಸ್ಪೋಕ್ ಕೀ ತಿರುಗುವುದು ಒಮ್ಮೆಗೆ ಕಾಲು ಸುತ್ತು ಮಾತ್ರ. ರಿಮ್ ಹೊರಕ್ಕೆ ಉಬ್ಬಿದ್ದರೆ ಅಲ್ಲಿನ ಎರಡೂ ಬದಿಯ ಕಡ್ಡಿಗಳನ್ನು ಸಮನಾಗಿ ಬಿಗಿಸುತ್ತಾರೆ. ನಡುನಡುವೆ ಕಡ್ಡಿಗೆ ತಟ್ಟಿ ಕಿವಿಗೊಡುತ್ತಾರೆ. ಬಿಗಿ ಕಡ್ಡಿ ಟಿಣ್ ಎನ್ನುತ್ತದೆ, ಸಡಿಲ ಕಡ್ಡಿಗೆ ಮಂಕು ಸದ್ದು. ಬಿಗಿಸಿದ ಮೇಲೆ, ಕಡ್ಡಿಯನ್ನು ರಿಮ್ಮಿಗೆ ಹಿಡಿದಿಡುವ ನಿಪ್ಪಲ್‌ನಿಂದ ಒಳಕ್ಕೆ ಚಾಚಿದ ಕಡ್ಡಿಯ ತುದಿಯನ್ನು ಅರದಿಂದ ಉಜ್ಜಬೇಕು. ಇಲ್ಲದಿದ್ದರೆ ಅದು ಟ್ಯೂಬಿಗೆ ಚುಚ್ಚುತ್ತದೆ.

ನಮ್ಮಲ್ಲಿ ಸಾಮಾನ್ಯವಾಗಿ ಕೆಲಸ ಇಲ್ಲಿಗೆ ಮುಗಿಯುತ್ತದೆ. ಆದರೆ ನೆಟ್ಟಗಿರುವ ಚಕ್ರದ ತೂಕ ಸಮನಾಗಿಯೇ ಇರುತ್ತದೆ ಎನ್ನುವಂತಿಲ್ಲ. ಟ್ಯೂಬಿನ ವಾಲ್ವ್, ಟೈರಿನ ದಪ್ಪ ಭಾಗ ಸೇರಿ ಒಂದು ಬದಿ ಭಾರವಾಗುತ್ತದೆ. 18 ಇಂಚಿನ ಚಕ್ರದ ರಿಮ್ಮಿನಲ್ಲಿ ಬರೀ 20 ಗ್ರಾಂ ಹೆಚ್ಚಿದ್ದರೆ, ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಅದು ಸುಮಾರು ಎರಡೂವರೆ ಕಿಲೋ ಬಲದಿಂದ ಸೆಕೆಂಡಿಗೆ 12 ಸಲ ಜಗ್ಗುತ್ತದೆ. 40ರ ವೇಗದಲ್ಲಿ ಈ ಬಲ ಅದರ ಕಾಲು ಭಾಗವಷ್ಟೇ. ಹಾಗಾಗಿ ಹಳ್ಳಿ ದಾರಿಯಲ್ಲಿ ಗೊತ್ತೇ ಆಗದ ದೋಷ ಶಿರಾ ಹೆದ್ದಾರಿಗೆ ಏರುತ್ತಲೇ ಹ್ಯಾಂಡಲ್ಲಿನ ನಡುಕವಾಗಿ ಕೈಗೆ ಬರುತ್ತದೆ. ಕೈ ಜೋಮು ಹಿಡಿಯುತ್ತದೆ, ಬೇರಿಂಗ್ ಬೇಗ ಸವೆಯುತ್ತದೆ.

ಇದನ್ನು ಸರಿಪಡಿಸಲು ಮಿಷನ್ ಬೇಕಿಲ್ಲ. ಚಕ್ರ ಬಿಚ್ಚಿ, ಆಕ್ಸಲ್ ತೂರಿಸಿ, ಎರಡು ಸ್ಟ್ಯಾಂಡಿನ ಮೇಲೆ ಮಲಗಿಸಿ ತಾನಾಗಿ ತಿರುಗಲು ಬಿಡಬೇಕು. ಬ್ರೇಕ್ ಶೂ ಉಜ್ಜಬಾರದು, ಬೇರಿಂಗ್ ಹಗುರವಾಗಿ ತಿರುಗಬೇಕು. ಭಾರದ ಬದಿ ಬಂದು ಕೆಳಗೆ ನಿಲ್ಲುತ್ತದೆ. ಅದರ ನೇರ ಎದುರಿಗೆ, ಮೇಲಿನ ಕಡ್ಡಿಗೆ ನಿಪ್ಪಲ್ ಹತ್ತಿರ ಸೀಸದ ತೂಕ ಕಚ್ಚಿಸಬೇಕು. ತೂಕ ಸಿಗದ ಕಡೆ ಸೋಲ್ಡರ್ ತಂತಿಯನ್ನು ಬಿಗಿಯಾಗಿ ಸುತ್ತುವುದೂ ಉಂಟು. ಯಾವ ಬದಿ ಮೇಲೆ ಮಾಡಿ ಬಿಟ್ಟರೂ ಚಕ್ರ ಅಲ್ಲೇ ನಿಂತರೆ ತೂಕ ಕೂಡಿತು ಎಂದರ್ಥ. ಕೆಲವು ಹೊಸ ಟೈರುಗಳ ಪಕ್ಕದಲ್ಲಿ ಹಗುರ ಜಾಗ ತೋರಿಸುವ ಬಣ್ಣದ ಚುಕ್ಕೆ ಇರುತ್ತದೆ. ಅದನ್ನು ವಾಲ್ವಿಗೆ ನೇರವಾಗಿ ಕೂರಿಸಿದರೆ ಅರ್ಧ ಕೆಲಸ ಮೊದಲೇ ಆಗುತ್ತದೆ.

ಅಲಾಯ್ ಚಕ್ರ ಬಂದಂತೆ ಸ್ಪೋಕ್ ಕೀ ಹಿಡಿಯುವ ಕೈಗಳಿಗೆ ಕೆಲಸ ಕಡಿಮೆಯಾಗುತ್ತಿದೆ. ಬೆಂಡ್ ತೆಗೆಯಬಲ್ಲವರಿಗೆ ತೂಕ ಕೂಡಿಸುವುದು ಕಷ್ಟದ ವಿದ್ಯೆಯಲ್ಲ, ಕೇಳುವವರು ಬೇಕು ಅಷ್ಟೆ. ಮುಂದಿನ ಸಲ ಹೊಸ ಟೈರ್ ಹಾಕಿಸುವಾಗ ಬೆಂಡ್ ಜೊತೆಗೆ ತೂಕವನ್ನೂ ನೋಡಿಕೊಡಲು ಹೇಳಿ. ಅದಕ್ಕೆ ಹಿಡಿಯುವ ಹೊತ್ತಿಗೆ ತಕ್ಕ ಕೂಲಿಯನ್ನು ಚೌಕಾಸಿ ಮಾಡದೆ ಕೊಡಿ.