ಚಿತ್ರದ ಕೆಳಗೆ ಯಾರ ಹೆಸರು?

ಕಳೆದ ವರ್ಷ ವಿಜ್ಞಾನ ಮೇಳದಲ್ಲಿ ನಾವೊಂದು ಗೆಲಾಕ್ಸಿಯ ಚಿತ್ರ ಅಂಟಿಸಿದ್ದೆವು. "ಯಾವ ದೂರದರ್ಶಕ? ಯಾವಾಗ ತೆಗೆದದ್ದು?" ಅಂತ ತೀರ್ಪುಗಾರರು ಕೇಳಿದಾಗ ಮಕ್ಕಳು ನನ್ನ ಮುಖ ನೋಡಿದರು. ಬರೆಸಲು ಮರೆತವನು ನಾನೇ.

ಇಂಥ ಚಿತ್ರಗಳ ಮೂಲ ದತ್ತಾಂಶ ನಿಮಗೂ ಸಿಗುತ್ತೆ, ದುಡ್ಡಿಲ್ಲದೆ. 2015ರಲ್ಲಿ ಇಸ್ರೋ ಹಾರಿಸಿದ ಆಸ್ಟ್ರೋಸ್ಯಾಟ್ ವೀಕ್ಷಣಾಲಯದ ದತ್ತಾಂಶವನ್ನು ಬೆಂಗಳೂರು ಬಳಿಯ ಬ್ಯಾಲಾಳಿನಲ್ಲಿರುವ ಭಾರತೀಯ ಬಾಹ್ಯಾಕಾಶ ವಿಜ್ಞಾನ ದತ್ತಾಂಶ ಕೇಂದ್ರ ಕಾಪಿಟ್ಟಿದೆ. ವೀಕ್ಷಣೆಗೆ ಸಮಯ ಕೇಳಿ ಪಡೆದ ವಿಜ್ಞಾನಿಗೆ ಕೆಲಕಾಲ ಮೀಸಲು, ಆಮೇಲೆ ಎಲ್ಲರಿಗೂ ಮುಕ್ತ. 2018ರ ಸೆಪ್ಟೆಂಬರಿನಲ್ಲಿ ಈ ಬಾಗಿಲು ತೆರೆಯಿತು. ಹೆಸರು ನೋಂದಾಯಿಸಿ ಇಳಿಸಿಕೊಳ್ಳಬೇಕು, ಅಷ್ಟೆ.

ಆ ಕಡತ ಮೊಬೈಲಿನ ಫೋಟೊ ತರಹ ತೆರೆಯೋದಿಲ್ಲ. ಅದು ಫಿಟ್ಸ್ ಕಡತ. ಮೊದಲು ಒಂದು ವಿವರಪಟ್ಟಿ, ಆಮೇಲೆ ಬರೀ ಸಂಖ್ಯೆಗಳು. ಉಪಕರಣ, ದಿನಾಂಕ, ಎಷ್ಟು ಹೊತ್ತು ನೋಡಿತು, ಎಲ್ಲ ಆ ಪಟ್ಟಿಯಲ್ಲಿದೆ (ತೀರ್ಪುಗಾರರು ಕೇಳಿದ್ದೂ ಅದನ್ನೇ!). ಬಣ್ಣ ಮಾತ್ರ ಇರಲ್ಲ. ನೇರಳಾತೀತ ಕಿರಣ ಕಣ್ಣಿಗೆ ಕಾಣದು. ಬಣ್ಣ ನಾವು ಹಚ್ಚಿದ್ದು. ಹಚ್ಚಿದ್ದೇವೆ ಅಂತಲೂ ಬರೆಯಿರಿ.

ಚಿತ್ರದ ಕೆಳಗೆ ಹೀಗಿರಲಿ: "ದತ್ತಾಂಶ: ಇಸ್ರೋದ ಆಸ್ಟ್ರೋಸ್ಯಾಟ್. ಸಂಗ್ರಹ: ಭಾರತೀಯ ಬಾಹ್ಯಾಕಾಶ ವಿಜ್ಞಾನ ದತ್ತಾಂಶ ಕೇಂದ್ರ." ಜೊತೆಗೆ ವೀಕ್ಷಣೆಯ ಸಂಖ್ಯೆ. ಅದಿದ್ದರೆ ಸೊಲ್ಲಾಪುರದ ಹುಡುಗಿಯೊಬ್ಬಳು ಅದೇ ಕಡತ ಇಳಿಸಿಕೊಂಡು, ಕಾಸರಗೋಡಿನ ನೀವು ಹೇಳಿದ್ದು ಸರಿಯೋ ತಪ್ಪೋ ತಾನೇ ನೋಡಬಹುದು.