ಆರು ಚುಕ್ಕೆಯ ನೆಲಜೀರುಂಡೆ

ಉತ್ತರ ಕನ್ನಡದ ಹಳಿಯಾಳ, ಮುಂಡಗೋಡ ಕಡೆ ಸಾಗವಾನಿ, ಮತ್ತಿ, ಬಿದಿರು ಬೆಳೆದ ಕಾಡು ಬೇಸಿಗೆಗೆ ಎಲೆ ಉದುರಿಸಿ ಬಯಲಾಗುತ್ತದೆ. ಜೋಯಿಡಾದ ದಟ್ಟ ಹಸಿರು ಕಾಡಿಗಿಂತ ಇಂಥ ಒಣ ನೆಲ, ಕುರುಚಲು ಕಾಡುಗಳೇ ಒಗ್ಗುವ ಬೇಟೆಗಾರ ಜೀರುಂಡೆಯೊಂದು ದಕ್ಷಿಣ ಭಾರತದಲ್ಲಿದೆ. ಉದ್ದ ಸುಮಾರು 4 ಸೆಂಟಿಮೀಟರ್. ಕಡುಗಪ್ಪು ಮೈ, ಎದೆಭಾಗದಲ್ಲಿ ಎರಡು, ರೆಕ್ಕೆಗವಚದ ಮೇಲೆ ನಾಲ್ಕು ಬಿಳಿ ಚುಕ್ಕೆ. 1775ರಲ್ಲಿ ಡೆನ್ಮಾರ್ಕಿನ ಕೀಟತಜ್ಞ ಫ್ಯಾಬ್ರಿಸಿಯಸ್ ಇದನ್ನು ವಿವರಿಸಿದ. ಇಂದಿನ ವೈಜ್ಞಾನಿಕ ಹೆಸರು ಆಂಥಿಯಾ ಸೆಕ್ಸ್‌ಗಟ್ಟಾಟಾ.

ಈ ಜೀರುಂಡೆಗೆ ಹಾರಲು ಬಾರದು. ಬೆನ್ನಿನ ಗಟ್ಟಿ ಕವಚಗಳೆರಡೂ ಬೆಸೆದುಕೊಂಡಿವೆ. ಹಾಗಾಗಿ ಉದ್ದ ಕಾಲುಗಳಿಂದ ಓಡಿ, ಬಲವಾದ ದವಡೆಗಳಲ್ಲಿ ಹುಳುಹುಪ್ಪಟೆ ಹಿಡಿದು ತಿನ್ನುತ್ತದೆ. ಶತ್ರು ಎದುರಾದಾಗ ಹಿಂಬದಿಯ ಗ್ರಂಥಿಗಳಿಂದ ಫಾರ್ಮಿಕ್ ಆಮ್ಲ ಚಿಮ್ಮಿಸುತ್ತದೆ. ಮಲೆನಾಡಿನ ಚಗಳಿ ಇರುವೆ ಚಟ್ನಿಯ ಹುಳಿಗೆ ಕಾರಣವಾದ ಆಮ್ಲವೂ ಇದೇ. ಜೀರುಂಡೆಯ ದ್ರವ ಬಲು ಗಾಢ. ಚರ್ಮ ಉರಿಯುತ್ತದೆ, ಕಣ್ಣಿಗೆ ಬಿದ್ದರೆ ಅಪಾಯ. ದೂರದಿಂದಲೇ ನೋಡಬೇಕು.

ಕಪ್ಪಿನ ಮೇಲೆ ಎದ್ದು ಕಾಣುವ ಬಿಳುಪು ಒಂದು ಎಚ್ಚರಿಕೆ. ಒಮ್ಮೆ ಪೆಟ್ಟು ತಿಂದ ಪ್ರಾಣಿ ಮುಂದೆ ಆ ಬಣ್ಣ ಕಂಡರೇ ದೂರ ಸರಿಯುತ್ತದೆ. ಇದರ ಲಾಭವನ್ನು ಇತರರೂ ಪಡೆಯುತ್ತಾರೆ. ದಕ್ಷಿಣ ಭಾರತದ ಕುರುಚಲು ಕಾಡಿನ ತರಗೆಲೆಗಳಲ್ಲಿ ಬದುಕುವ ಚುಕ್ಕೆ ಜಿರಳೆ, ಥೆರಿಯಾ ಪೆಟಿವೆರಿಯಾನಾ, ಇದೇ ಜೀರುಂಡೆಯ ವೇಷ ತೊಟ್ಟಿದೆ ಎಂಬುದು ಕೀಟತಜ್ಞರ ಊಹೆ. ಆಫ್ರಿಕಾದ ಕಲಹಾರಿಯಲ್ಲಂತೂ ಒಂದು ಹಲ್ಲಿಯ ಮರಿಗಳು ಅಲ್ಲಿನ ಆಂಥಿಯಾಗಳ ಬಣ್ಣವನ್ನಷ್ಟೇ ಅಲ್ಲ, ನಡಿಗೆಯನ್ನೂ ಅನುಕರಿಸುತ್ತವೆ. ಜೀರುಂಡೆಗಿಂತ ದೊಡ್ಡದಾದ ಮೇಲೆ ಮರಳಿನ ಬಣ್ಣಕ್ಕೆ ತಿರುಗುತ್ತವೆ. ಸಂಶೋಧಕರಾದ ಹ್ಯೂಯಿ ಮತ್ತು ಪಿಯಾಂಕಾ ಇದನ್ನು 1977ರಲ್ಲಿ ಪ್ರಕಟಿಸಿದರು.

ಆದರೆ ಆಮ್ಲ ಬೆಂಕಿಯನ್ನು ತಡೆಯದು. ಬೇಸಿಗೆಯಲ್ಲಿ ದರಕಿಗೆ, ಅಂದರೆ ಒಣ ತರಗೆಲೆಗೆ, ಬಿದ್ದ ಕಿಡಿ ನೆಲಕ್ಕೆ ಹತ್ತಿಕೊಂಡೇ ಓಡುತ್ತದೆ. ಹಕ್ಕಿ ಹಾರಿಹೋದೀತು, ಜಿಂಕೆ ಓಡೀತು; ರೆಕ್ಕೆ ಬೆಸೆದ ಜೀರುಂಡೆಗೆ ಇರುವುದು ಕಲ್ಲಿನ ಸಂದು, ಮಣ್ಣಿನ ಬಿಲಗಳ ಆಸರೆ ಮಾತ್ರ. ಬದುಕುಳಿದರೂ ಸುತ್ತ ಅದರ ಆಹಾರವಾದ ಹುಳುಗಳು ಸುಟ್ಟುಹೋಗಿರುತ್ತವೆ. ಒಂದು ಕಡೆ ಸಂತತಿ ಅಳಿದರೆ ಬೇರೆ ಕಡೆಯಿಂದ ಅದು ನಡೆದೇ ಬರಬೇಕು. ರಸ್ತೆ, ಕಾಲುವೆ, ಉತ್ತ ಹೊಲ ಅಡ್ಡವಾದರೆ ಅದೂ ಕಷ್ಟ.

ಇದೇ ಜಿಲ್ಲೆಯಲ್ಲಿ ದಾಂಡೇಲಿ-ಅಣಶಿ ಹುಲಿ ಸಂರಕ್ಷಿತ ಪ್ರದೇಶ 2007ರಲ್ಲಿ ರೂಪುಗೊಂಡಿತು. ಈಗ ಅದು ಕಾಳಿ ಹುಲಿ ಸಂರಕ್ಷಿತ ಪ್ರದೇಶ. ಹುಲಿಗೆ ಜಿಂಕೆ ಬೇಕು, ಜಿಂಕೆಗೆ ಹುಲ್ಲು, ಹುಲ್ಲಿಗೆ ಜೀವಂತ ಮಣ್ಣು. ಆ ಮಣ್ಣಿನ ಕಾವಲಿಗೆ ನಿಂತಿರುವವು ಇಂಥ ಸಣ್ಣ ಬೇಟೆಗಾರ ಜೀವಿಗಳು. ಕಾಡಂಚಿನಲ್ಲಿ ಬೆಂಕಿ ಹಚ್ಚದೆ ದರಕನ್ನು ಅದರ ಪಾಡಿಗೆ ಕೊಳೆಯಲು ಬಿಡುವುದು ಇವುಗಳಿಗೆ ನಾವು ಮಾಡಬಹುದಾದ ದೊಡ್ಡ ಉಪಕಾರ.