ಇಎಸ್‌ಐ ಕಾರ್ಡಿನಲ್ಲಿ ಅಮ್ಮನ ಹೆಸರಿದೆಯಾ?

ಮಾರೇನಹಳ್ಳಿಯಿಂದ ಬೆಳಿಗ್ಗೆ ಗಾರ್ಮೆಂಟ್ಸ್‌ಗೆ ಹೊರಟ ಹೆಣ್ಣುಮಗಳ ಚೀಲದಲ್ಲಿ ಊಟದ ಡಬ್ಬಿ, ಅದರ ಪಕ್ಕದಲ್ಲೇ ಇಎಸ್‌ಐ ಕಾರ್ಡು. ತಿಂಗಳ ಸಂಬಳ 21,000 ರೂಪಾಯಿಯೊಳಗಿದ್ದರೆ, ಅದರಲ್ಲಿ ಶೇ 0.75ರಷ್ಟು ಇಎಸ್‌ಐ ಎಂಬ ನೌಕರರ ವಿಮೆಗೆ ಹೋಗುತ್ತದೆ. ಮಾಲೀಕರು ಶೇ 3.25 ಕಟ್ಟುತ್ತಾರೆ.

ಇದರಿಂದ ಸಿಗುವ ಚಿಕಿತ್ಸೆ ಅವಳೊಬ್ಬಳಿಗಲ್ಲ.

ಗಂಡ, ಚಿಕ್ಕ ಮಕ್ಕಳು, ಅವಳ ದುಡಿಮೆಯನ್ನೇ ನೆಚ್ಚಿಕೊಂಡ ಅಪ್ಪ-ಅಮ್ಮ ಎಲ್ಲರನ್ನೂ ಸೇರಿಸಬಹುದು. ಎಷ್ಟು ಜನ ಸೇರಿದರೂ ಕಂತು ಒಂದು ಪೈಸೆಯೂ ಹೆಚ್ಚುವುದಿಲ್ಲ. ಖಾಸಗಿ ವಿಮೆಯಲ್ಲಿ ಅರವತ್ತು ದಾಟಿದ ತಾಯಿಯ ಕಂತು ಕಟ್ಟಿದವರಿಗೆ ಇದು ಎಷ್ಟು ದೊಡ್ಡ ಆಸರೆ ಅನ್ನುವುದು ಗೊತ್ತು.

ಆದರೆ ಹೆಸರು ತಾನಾಗಿಯೇ ಸೇರುವುದಿಲ್ಲ. ಮದುವೆಯಾದಾಗ, ಮಗು ಹುಟ್ಟಿದಾಗ ಕಂಪನಿಯ ಎಚ್‌ಆರ್‌ಗೆ ವಿವರ ಕೊಟ್ಟು ಸೇರಿಸಲೇಬೇಕು. ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯ ಸಾಲಿನಲ್ಲಿ ನಿಂತು ನೆನಪಿಸಿಕೊಳ್ಳುವ ಬದಲು, ಇವತ್ತೇ ಕಾರ್ಡು ತೆಗೆದು ಅದರಲ್ಲಿ ಯಾರ‍್ಯಾರ ಹೆಸರಿದೆ ಅಂತ ನೋಡಿಬಿಡಿ.